ಒಂದು ರೊಟ್ಟಿ, ಒಂದು ಬೇಯಿಸಿದ ಮೊಟ್ಟೆ

ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ಗುರುವಾರ ಮತ್ತು ಶುಕ್ರವಾರ ಹಬ್ಬ. ಶನಿವಾರ ವಾರದ ವಿಶ್ರಾಂತಿಯ ದಿನ. ಅಂದು ಒಲೆ ಹಚ್ಚುವಂತಿಲ್ಲ, ಏನನ್ನೂ ಬೇಯಿಸುವಂತಿಲ್ಲ. ಹಬ್ಬದ ದಿನ ಅಡುಗೆ ಮಾಡಬಹುದು, ಆದರೆ ಆ ದಿನ ಉಣ್ಣುವುದಕ್ಕೆ ಮಾತ್ರ. ನಾಳೆಗೆಂದು ಮಾಡುವ ಹಾಗಿಲ್ಲ. ಹಾಗಾದರೆ ಶನಿವಾರದ ಊಟವನ್ನು ಬೇಯಿಸುವುದು ಯಾವಾಗ?

ಇದು ಒಗಟಲ್ಲ. ಧರ್ಮನಿಯಮ ಪಾಲಿಸುವ ಯಹೂದಿ ಮನೆಗಳಲ್ಲಿ ಹಬ್ಬ ಹೀಗೆ ಬಂದಾಗಲೆಲ್ಲ ನಿಜವಾಗಿಯೂ ಏಳುವ ಪ್ರಶ್ನೆ. ಅದಕ್ಕೆ ಅವರ ಹಿರಿಯರು ಕಂಡುಕೊಂಡ ಉತ್ತರದ ಹೆಸರು ‘ಎರುವ್ ತವ್ಶಿಲಿನ್’. ಹೀಬ್ರೂ ಭಾಷೆಯಲ್ಲಿ ‘ಎರುವ್’ ಎಂದರೆ ಬೆರೆಸುವುದು, ಕೂಡಿಸುವುದು. ‘ತವ್ಶಿಲಿನ್’ ಎಂದರೆ ಬೇಯಿಸಿದ ಪದಾರ್ಥಗಳು. ಈದ್‌ನ ಹಿಂದಿನ ರಾತ್ರಿ ಉಮ್ಮನ ಜೊತೆ ಕುಳಿತು ಈರುಳ್ಳಿ ಹೆಚ್ಚಿ ಕಣ್ಣು ಕೆಂಪು ಮಾಡಿಕೊಳ್ಳುವವಳು ನಾನು. ಹಬ್ಬದ ಅಡುಗೆಯ ಬಗ್ಗೆ ಧರ್ಮಶಾಸ್ತ್ರದಲ್ಲಿ ಇಷ್ಟು ಸೂಕ್ಷ್ಮವಾದ ಚರ್ಚೆ ನಡೆದಿದೆ ಎಂದು ಓದಿದಾಗ ಕುತೂಹಲ ಹುಟ್ಟಿತು. ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎರಡು ಬಗೆಯ ವಿಶ್ರಾಂತಿ

ಮೊದಲು ಸಬ್ಬತ್ ಎಂದರೇನು ಎಂದು ನೋಡೋಣ. ಅರಬಿ ತರಗತಿಯಲ್ಲಿ ವಾರದ ದಿನಗಳ ಹೆಸರು ಕಲಿತವರಿಗೆ ಶನಿವಾರ ‘ಯೌಮುಸ್ಸಬ್ತ್’ ಎಂದು ಗೊತ್ತು. ಹೀಬ್ರೂವಿನ ‘ಶಬ್ಬಾತ್’ ಅದರ ಸೋದರ ಪದ. ನಮ್ಮಲ್ಲಿ ಮಗ್ರಿಬ್‌ಗೆ ದಿನ ಬದಲಾಗುವ ಹಾಗೆಯೇ ಯಹೂದಿಯರ ದಿನವೂ ಸೂರ್ಯಾಸ್ತಕ್ಕೆ ಶುರುವಾಗುತ್ತದೆ. ಆದ್ದರಿಂದ ಸಬ್ಬತ್ ಎಂದರೆ ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗೆ.

ಅಂದು ಮಾಡಬಾರದ ಕೆಲಸಗಳನ್ನು ‘ಮಿಶ್ನಾ’ ಎಂಬ ಗ್ರಂಥ 39 ಬಗೆಯಾಗಿ ಪಟ್ಟಿ ಮಾಡಿದೆ. ಸುಮಾರು ಕ್ರಿ.ಶ. 200ರ ಹೊತ್ತಿಗೆ ಸಂಗ್ರಹವಾದ ಗ್ರಂಥ ಅದು. ಬಿತ್ತುವುದು, ಕೊಯ್ಯುವುದು, ಬೀಸುವುದು, ಕಲಸುವುದು, ಬೇಯಿಸುವುದು, ಬೆಂಕಿ ಹಚ್ಚುವುದು, ಆರಿಸುವುದು ಎಲ್ಲವೂ ಆ ಪಟ್ಟಿಯಲ್ಲಿವೆ. ಹಾಗೆಂದು ಸಬ್ಬತ್ ಉಪವಾಸದ ದಿನವಲ್ಲ. ಅದು ಒಳ್ಳೆಯ ಊಟದ ದಿನ, ಮೂರು ಹೊತ್ತು ಉಣ್ಣಬೇಕಾದ ದಿನ. ಅದಕ್ಕೇ ಶುಕ್ರವಾರ ಹೊತ್ತು ಮುಳುಗುವ ಮೊದಲೇ ಅಡುಗೆ ಮುಗಿಸಿ, ಮರುದಿನದವರೆಗೆ ಬಿಸಿಯಾಗಿರುವಂತೆ ಕೆಂಡದ ಮೇಲೋ ಒಲೆಯೊಳಗೋ ಇಡುವ ಪದ್ಧತಿ ಬೆಳೆಯಿತು. ಮೊರೊಕ್ಕೊದ ಯಹೂದಿಯರು ಇಂಥ ಅಡುಗೆಯನ್ನು ‘ದಫೀನಾ’ ಎನ್ನುತ್ತಾರೆ. ‘ದಫನ್’ ಎಂಬ ಅರಬಿ ಪದ ನಮಗೆಲ್ಲ ಗೊತ್ತಿರುವುದೇ: ಮುಚ್ಚಿದ ಮಡಕೆಯನ್ನು ಕೆಂಡದಲ್ಲಿ ಹೂತಿಡುತ್ತಿದ್ದುದರಿಂದ ಆ ಹೆಸರು. ಇರಾಕಿನ ಯಹೂದಿಯರ ‘ತ್ಬೀತ್’ ಕೂಡ ಹೀಗೆಯೇ. ಕೋಳಿಯೂ ಅಕ್ಕಿಯೂ ಸೇರಿ ರಾತ್ರಿಯಿಡೀ ಸಣ್ಣ ಶಾಖದಲ್ಲಿ ಇರುವ ಅಡುಗೆ ಅದು.

ಹಬ್ಬಗಳ ನಿಯಮ ಇದಕ್ಕಿಂತ ಸಡಿಲ. ಪಸ್ಕ ಹಬ್ಬದ ಮೊದಲ ಮತ್ತು ಕೊನೆಯ ದಿನ, ವಾರಗಳ ಹಬ್ಬ, ಹೊಸ ವರ್ಷ, ಪರ್ಣಶಾಲೆಗಳ ಹಬ್ಬದ ಮೊದಲ ದಿನ, ಇಂಥ ದಿನಗಳಲ್ಲೂ ಕೆಲಸ ನಿಷಿದ್ಧವೇ. ಆದರೆ ತೋರಾದ ವಿಮೋಚನಕಾಂಡದ 12ನೇ ಅಧ್ಯಾಯ ಒಂದು ರಿಯಾಯಿತಿ ಕೊಡುತ್ತದೆ: ಜನ ಉಣ್ಣುವುದಕ್ಕೆ ಬೇಕಾದದ್ದನ್ನು ತಯಾರಿಸಬಹುದು. ಹಬ್ಬವೆಂದರೆ ಸಂತೋಷ, ಬಿಸಿ ಊಟವಿಲ್ಲದೆ ಸಂತೋಷವೆಲ್ಲಿ? ಹಾಗಾಗಿ ಹಬ್ಬದ ದಿನ ಹೊಸದಾಗಿ ಬೆಂಕಿ ಹುಟ್ಟಿಸಬಾರದು, ಆದರೆ ಮೊದಲೇ ಉರಿಯುತ್ತಿರುವ ದೀಪದಿಂದ ಒಲೆಗೆ ಬೆಂಕಿ ತೆಗೆದುಕೊಳ್ಳಬಹುದು, ಅಡುಗೆ ಮಾಡಬಹುದು. ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್ ಮಾತ್ರ ಬೇರೆ. ಅಂದು ಉಪವಾಸ, ಸಬ್ಬತ್ತಿನ ನಿಷೇಧಗಳೆಲ್ಲ ಅಂದೂ ಉಂಟು.

ಈ ರಿಯಾಯಿತಿಯ ಎಲ್ಲೆ ಸ್ಪಷ್ಟ: ಅಡುಗೆ ಇವತ್ತಿನ ಹಬ್ಬಕ್ಕೆ. ಹಬ್ಬದ ದಿನವನ್ನು ನಾಳೆಯ ಕೆಲಸ ಮುಗಿಸಿಕೊಳ್ಳುವ ದಿನವಾಗಿ ಮಾಡಿಕೊಳ್ಳಬಾರದು. ಇಲ್ಲಿಯೇ ಎರಡು ನಿಯಮಗಳು ಒಂದಕ್ಕೊಂದು ಅಡ್ಡ ಬರುವುದು. ಶುಕ್ರವಾರ ಹಬ್ಬವಾದರೆ ಸಬ್ಬತ್ತಿಗೆ ಅಡುಗೆ ಮಾಡಲು ಶುಕ್ರವಾರ ಆಗದು, ಶನಿವಾರವೂ ಆಗದು. ಎಲ್ಲವನ್ನೂ ಬುಧವಾರವೇ ಬೇಯಿಸಿಡಬಹುದಲ್ಲ ಎಂದು ನೀವು ಕೇಳಬಹುದು. ನಿಯಮ ಅದನ್ನು ತಡೆಯುವುದಿಲ್ಲ. ಆದರೆ ಫ್ರಿಜ್ ಇಲ್ಲದ ಕಾಲದಲ್ಲಿ ಬುಧವಾರದ ಸಾರು ಶನಿವಾರದವರೆಗೆ ಉಳಿಯುತ್ತಿತ್ತೇ? ವಾರದ ಅತ್ಯಂತ ಗೌರವದ ದಿನಕ್ಕೆ ಹಳಸಿದ ಊಟ ಬಡಿಸುವುದೇ?

ಚಂದ್ರದರ್ಶನ ಮತ್ತು ಎರಡು ದಿನದ ಹಬ್ಬ

ಗುರುವಾರ, ಶುಕ್ರವಾರ ಎಂದು ಎರಡು ದಿನ ಹಬ್ಬ ಏಕೆ ಎಂಬುದಕ್ಕೆ ಕಾರಣ ನಮಗೆ ಬೇಗ ಅರ್ಥವಾಗುತ್ತದೆ. ಹಿಂದಿನ ಕಾಲದಲ್ಲಿ ಯಹೂದಿಯರ ತಿಂಗಳೂ ಹೊಸ ಚಂದ್ರನನ್ನು ಕಂಡ ಸಾಕ್ಷಿಗಳ ಮಾತಿನ ಮೇಲೆ ನಿಶ್ಚಯವಾಗುತ್ತಿತ್ತು. ಜೆರುಸಲೇಮಿನಲ್ಲಿ ಘೋಷಣೆಯಾದ ಮೇಲೆ ದೂತರು ಸುದ್ದಿ ಒಯ್ಯುತ್ತಿದ್ದರು. ದೂರದ ಊರುಗಳಿಗೆ ಹಬ್ಬದೊಳಗೆ ಸುದ್ದಿ ತಲಪದಿದ್ದರೆ? ಅಲ್ಲಿನವರು ಅನುಮಾನ ಬೇಡವೆಂದು ಎರಡು ದಿನ ಆಚರಿಸುತ್ತಿದ್ದರು. ಖಾಝಿಯವರ ಘೋಷಣೆಗಾಗಿ ರಾತ್ರಿ ಕಾದು ಕುಳಿತ ಅನುಭವ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದೆ ಅವರ ಪಂಚಾಂಗ ಲೆಕ್ಕದ ಮೇಲೆ ಸ್ಥಿರವಾಯಿತು. ಆದರೂ ಇಸ್ರೇಲಿನ ಹೊರಗೆ ಎರಡು ದಿನದ ರೂಢಿ ಉಳಿಯಿತು. ಹೊಸ ವರ್ಷವನ್ನಂತೂ ಎಲ್ಲ ಕಡೆಯೂ ಎರಡು ದಿನ ಆಚರಿಸುತ್ತಾರೆ.

2024ರ ಉದಾಹರಣೆ ನೋಡಿ. ಹೊಸ ವರ್ಷದ ಹಬ್ಬ ಅಕ್ಟೋಬರ್ 3 ಮತ್ತು 4ರಂದು, ಗುರುವಾರ ಮತ್ತು ಶುಕ್ರವಾರ ಬಂತು. ಪರ್ಣಶಾಲೆಗಳ ಹಬ್ಬ ಅದಾದ 14 ದಿನಕ್ಕೆ, ಅದರ ಸಮಾಪ್ತಿಯ ಹಬ್ಬ ಮತ್ತೆ 7 ದಿನಕ್ಕೆ. ಎರಡೂ ಏಳರ ಲೆಕ್ಕವೇ ಆದ್ದರಿಂದ ವಾರ ಬದಲಾಗಲಿಲ್ಲ. 17–18 ಮತ್ತು 24–25 ಕೂಡ ಗುರುವಾರ ಮತ್ತು ಶುಕ್ರವಾರವೇ ಆದವು. ಇಸ್ರೇಲಿನ ಹೊರಗಿದ್ದವರು ಒಂದೇ ತಿಂಗಳಲ್ಲಿ ಮೂರು ಸಲ ಎರುವ್ ಇಡಬೇಕಾಯಿತು.

ಮಾಡುವುದೇನು?

ವಿಧಾನ ಬಹಳ ಸರಳ. ಹಬ್ಬ ಶುರುವಾಗುವ ಮೊದಲು, ಅಂದರೆ ನಮ್ಮ ಉದಾಹರಣೆಯಲ್ಲಿ ಬುಧವಾರ ಸೂರ್ಯಾಸ್ತದೊಳಗೆ, ಮನೆಯವರೊಬ್ಬರು ಒಂದು ರೊಟ್ಟಿಯನ್ನೂ ಒಂದು ಬೇಯಿಸಿದ ಪದಾರ್ಥವನ್ನೂ ಎತ್ತಿಡುತ್ತಾರೆ. ರೊಟ್ಟಿ ಒಂದು ಮೊಟ್ಟೆಯಷ್ಟಿದ್ದರೂ ಸಾಕು, ಬೇಯಿಸಿದ್ದು ಒಂದು ಆಲಿವ್ ಕಾಯಿಯಷ್ಟು. ಮೀನು, ಮಾಂಸ ಆಗಬಹುದು. ಹೆಚ್ಚಿನ ಮನೆಗಳಲ್ಲಿ ಸಿಪ್ಪೆ ಸಹಿತ ಬೇಯಿಸಿದ ಒಂದು ಮೊಟ್ಟೆ. ಹಸಿ ಹಣ್ಣು ನಡೆಯುವುದಿಲ್ಲ. ಅದು ಬೆಂದಿರಬೇಕು, ರೊಟ್ಟಿಯ ಜೊತೆ ತಿನ್ನುವಂಥದ್ದಾಗಿರಬೇಕು. ಬಡವರ ಮನೆಯನ್ನೂ ತಾಲ್ಮುಡ್ ಮರೆತಿಲ್ಲ. ಮಿಶ್ನಾದ ಮೇಲಿನ ಚರ್ಚೆಗಳ ಆ ದೊಡ್ಡ ಸಂಗ್ರಹ, ಪಾತ್ರೆಯ ತಳದಲ್ಲಿ ಉಳಿದ ಬೇಳೆಯನ್ನು ಕೂಡ ಎರುವ್ ಎಂದು ಎಣಿಸಬಹುದು ಎನ್ನುತ್ತದೆ, ಅದು ಆಲಿವ್ ಕಾಯಿಯಷ್ಟಿದ್ದರೆ.

ಇವೆರಡನ್ನೂ ಕೈಯಲ್ಲಿ ಹಿಡಿದು ಒಂದು ಪ್ರಾರ್ಥನೆ ಹೇಳಿ, ಬಳಿಕ ಒಂದು ಘೋಷಣೆ ಮಾಡುತ್ತಾರೆ: ಈ ಎರುವ್‌ನ ಆಧಾರದ ಮೇಲೆ ಹಬ್ಬದ ದಿನ ಸಬ್ಬತ್ತಿಗಾಗಿ ರೊಟ್ಟಿ ಸುಡಲು, ಅಡುಗೆ ಮಾಡಲು, ಬಿಸಿಯಾಗಿಡಲು, ದೀಪ ಹಚ್ಚಲು ನಮಗೆ ಅನುಮತಿ ಇರಲಿ ಎಂಬ ಅರ್ಥದ ಮಾತು ಅದು. ಘೋಷಣೆ ಇರುವುದು ಹೀಬ್ರೂವಿನಲ್ಲಲ್ಲ, ಅರಾಮಿಕ್‌ನಲ್ಲಿ. ಅಂದಿನ ಜನಸಾಮಾನ್ಯರ ಆಡುಮಾತು ಅದೇ ಆಗಿತ್ತು. ಅರಾಮಿಕ್ ಬಾರದವರು ತಮಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಏನು ಮಾಡುತ್ತಿದ್ದೇನೆ ಎಂದು ಗೊತ್ತಿರಬೇಕು ಎಂಬುದು ಇದರ ಹಿಂದಿನ ವಿಚಾರ. ‘ನಿಯ್ಯತ್’ ಎಂಬ ಪದ ಬಲ್ಲ ನಮಗೆ ಇದು ಹತ್ತಿರದ ಮಾತೇ.

ಇದಾದ ಮೇಲೆ ಶುಕ್ರವಾರ ಸಬ್ಬತ್ತಿನ ಅಡುಗೆ ಮಾಡಬಹುದು. ಆದರೆ ಗುರುವಾರ ಮಾಡುವ ಹಾಗಿಲ್ಲ. ಎರುವ್ ಕೊಡುವ ಅನುಮತಿ ಸಬ್ಬತ್ತಿಗೆ ತಾಗಿದ ದಿನಕ್ಕೆ ಮಾತ್ರ. ಅದೂ ಸಬ್ಬತ್ತಿಗೆ ಮಾತ್ರ. ಹಬ್ಬ ಮುಗಿದು ಬರುವ ಸಾಧಾರಣ ದಿನಕ್ಕೆಂದು ಅಡುಗೆ ಮಾಡಲು ಯಾವ ಎರುವ್ ಕೂಡ ದಾರಿ ಕೊಡುವುದಿಲ್ಲ. ಎತ್ತಿಟ್ಟ ಮೊಟ್ಟೆಯನ್ನು ಅಡುಗೆ ಮುಗಿಯುವವರೆಗೆ ಜೋಪಾನ ಮಾಡಬೇಕು. ಅಡುಗೆಗೆ ಕೈಹಾಕುವ ಮೊದಲೇ ಮನೆಯ ಮಗು ಅದನ್ನು ತಿಂದುಬಿಟ್ಟರೆ ಅನುಮತಿಯೂ ಹೋಯಿತು. ಅಡುಗೆ ಮುಗಿದ ಮೇಲೆ ತಿನ್ನಬಹುದು. ಆದರೂ ಆ ರೊಟ್ಟಿಯನ್ನು ಸಬ್ಬತ್ತಿನ ಊಟಗಳಲ್ಲಿ ಇಟ್ಟು, ಕೊನೆಯ ಊಟಕ್ಕೆ ತಿನ್ನುವುದು ಹಲವರ ಪದ್ಧತಿ.

ಮೊಟ್ಟೆ ಯಾಕೆ ಬೇಕು?

ಈ ನಿಯಮ ಬರುವುದು ಮಿಶ್ನಾದ ‘ಬೇತ್ಸಾ’ ಎಂಬ ಭಾಗದಲ್ಲಿ. ಬೇತ್ಸಾ ಎಂದರೂ ಮೊಟ್ಟೆಯೇ. ಅರಬಿಯ ‘ಬೈದಾ’ ನೆನಪಿಸಿಕೊಳ್ಳಿ. ಆದರೆ ಆ ಹೆಸರು ಬಂದದ್ದು ಎರುವ್‌ನ ಮೊಟ್ಟೆಯಿಂದಲ್ಲ. ಹಬ್ಬದ ದಿನ ಕೋಳಿ ಇಟ್ಟ ಮೊಟ್ಟೆಯನ್ನು ಅಂದೇ ತಿನ್ನಬಹುದೇ ಎಂಬ ಪ್ರಶ್ನೆಯಿಂದ ಆ ಭಾಗ ಆರಂಭವಾಗುತ್ತದೆ. ಅದರ ಎರಡನೇ ಅಧ್ಯಾಯದಲ್ಲಿ ನಮ್ಮ ವಿಷಯ ಬರುತ್ತದೆ. ಶಮ್ಮಾಯ್ ಅವರ ಶಿಷ್ಯರು ಎರಡು ಬೇಯಿಸಿದ ಪದಾರ್ಥ ಬೇಕೆಂದರೆ ಹಿಲ್ಲೆಲ್ ಅವರ ಶಿಷ್ಯರು ಒಂದು ಸಾಕು ಎಂದರು. ಹಿಲ್ಲೆಲ್ ಪಕ್ಷದ ಮಾತೇ ನಿಂತಿತು.

ಒಂದು ಮೊಟ್ಟೆ ಎತ್ತಿಟ್ಟರೆ ನಿಯಮ ಹೇಗೆ ಸಡಿಲವಾಗುತ್ತದೆ? ತಾಲ್ಮುಡ್‌ನಲ್ಲಿ ಇದಕ್ಕೆ ಎರಡು ಕಾರಣಗಳಿವೆ. ಎರಡನ್ನೂ ಹೇಳಿದವರು ಬ್ಯಾಬಿಲೋನಿಯದ, ಅಂದರೆ ಇಂದಿನ ಇರಾಕಿನ, ವಿದ್ವಾಂಸರು. ರಾವಾ ಅವರ ಪ್ರಕಾರ ಇದು ಸಬ್ಬತ್ತಿನ ಗೌರವಕ್ಕೆ. ಹಬ್ಬದ ಗಡಿಬಿಡಿಯಲ್ಲಿ ಒಳ್ಳೆಯದೆಲ್ಲ ಎರಡು ದಿನದಲ್ಲೇ ಖರ್ಚಾಗಿ, ಸದ್ದಿಲ್ಲದೆ ಹಿಂದೆಯೇ ಬರುವ ಸಬ್ಬತ್ತಿಗೆ ಏನೂ ಉಳಿಯದೆ ಹೋಗಬಹುದು. ಬುಧವಾರವೇ ಒಂದು ತುತ್ತು ಎತ್ತಿಡಬೇಕೆಂದರೆ, ಹಬ್ಬಕ್ಕಿಷ್ಟು ಸಬ್ಬತ್ತಿಗಿಷ್ಟು ಎಂದು ಮೊದಲೇ ಯೋಚಿಸಲೇಬೇಕು.

ರವ್ ಆಶಿ ಅವರ ಪ್ರಕಾರ ಇದು ಹಬ್ಬದ ಗೌರವಕ್ಕೆ. ಸಬ್ಬತ್ತಿನಂಥ ಪವಿತ್ರ ದಿನಕ್ಕೆ ಅಡುಗೆ ಮಾಡುವುದಕ್ಕೇ ಇಷ್ಟು ಸಿದ್ಧತೆ ಬೇಕಾದರೆ, ಹಬ್ಬದ ದಿನ ಸಾಧಾರಣ ದಿನಕ್ಕೆಂದು ಅಡುಗೆ ಮಾಡುವುದಂತೂ ಕೂಡದು ಎಂದು ಜನ ತಾವಾಗಿಯೇ ತಿಳಿದುಕೊಳ್ಳುತ್ತಾರೆ. ಒಬ್ಬರಿಗೆ ಹಿಂದೆ ಬರುವ ದಿನ ಮರೆತುಹೋಗುವ ಚಿಂತೆ, ಇನ್ನೊಬ್ಬರಿಗೆ ಮುಂದಿರುವ ದಿನ ಹಗುರವಾಗುವ ಚಿಂತೆ.

ಎರುವ್ ಅನ್ನು ಹಬ್ಬಕ್ಕೆ ಮೊದಲೇ ಇಡುವುದರಿಂದ ಸಬ್ಬತ್ತಿನ ಅಡುಗೆ ಬುಧವಾರವೇ ಆರಂಭವಾದ ಹಾಗೆ. ಶುಕ್ರವಾರ ಮಾಡುವುದು ಶುರುವಾದ ಕೆಲಸದ ಮುಂದುವರಿಕೆ. ಇದಕ್ಕೆ ಆಧಾರವನ್ನು ಕೆಲವರು ಮನ್ನದ ಕಥೆಯಲ್ಲಿ ಕಂಡರು. ಖುರ್‌ಆನಿನಲ್ಲೂ ‘ಮನ್ನ್’ ಮತ್ತು ‘ಸಲ್ವಾ’ ಎಂದು ಉಲ್ಲೇಖವಾಗಿರುವ ಆಹಾರ ಅದೇ. ಮರಳುಗಾಡಿನಲ್ಲಿ ಆರನೆಯ ದಿನ ಎರಡು ಪಟ್ಟು ಸಿಗುತ್ತಿತ್ತು, ಸಬ್ಬತ್ತಿಗೆ ಬೇಕಾದದ್ದನ್ನು ಅಂದೇ ಬೇಯಿಸಿಡಬೇಕಿತ್ತು ಎಂದು ತೋರಾ ಹೇಳುತ್ತದೆ. ಆ ಮಾತಿನಲ್ಲಿ ‘ಬೇಯಿಸು’ ಎಂಬ ಪದ ಎರಡೆರಡು ಸಲ ಬರುವುದನ್ನು ಗಮನಿಸಿದ ರಬ್ಬಿ ಎಲಿಯೆಜರ್, ಮೊದಲೇ ಬೆಂದಿರುವುದರ ಆಧಾರದ ಮೇಲೆಯೇ ಮುಂದಿನದನ್ನು ಬೇಯಿಸಬೇಕು ಎಂದು ಅರ್ಥ ಮಾಡಿದರು.

ಇದು ಕಣ್ಕಟ್ಟು ಅಲ್ಲವೇ?

ಇದನ್ನೆಲ್ಲ ನಾನು ಗೆಳತಿಗೆ ವಿವರಿಸಿದಾಗ ಅವಳು ನೇರವಾಗಿ ಕೇಳಿದಳು: “ದೇವರ ನಿಯಮಕ್ಕೆ ಮೊಟ್ಟೆ ತೋರಿಸಿ ತಪ್ಪಿಸಿಕೊಂಡ ಹಾಗಾಯಿತಲ್ಲವೇ?” ನ್ಯಾಯವಾದ ಪ್ರಶ್ನೆ. ಉತ್ತರ ಎರಡು ಹಂತದಲ್ಲಿದೆ.

ಮೊದಲನೆಯದು, ಎರುವ್ ತೋರಾದ ನಿಷೇಧವನ್ನು ಮುರಿಯುವುದಿಲ್ಲ. ರವ್ ಹಿಸ್ದಾ ಅವರ ಅಭಿಪ್ರಾಯದಲ್ಲಿ ಹಬ್ಬದ ದಿನ ಸಬ್ಬತ್ತಿಗೆ ಅಡುಗೆ ಮಾಡುವುದನ್ನು ತೋರಾ ತಡೆದೇ ಇಲ್ಲ. ತಡೆದವರು ನಂತರದ ಹಿರಿಯರು, ಎರುವ್‌ನ ದಾರಿ ತೋರಿಸಿದವರೂ ಅವರೇ. ರಬ್ಬಾ ಎಂಬ ಇನ್ನೊಬ್ಬ ವಿದ್ವಾಂಸರ ವಾದ ಇನ್ನೂ ಸ್ವಾರಸ್ಯಕರ. ಶುಕ್ರವಾರ ಸಂಜೆಯೊಳಗೆ ಮನೆಗೆ ಅತಿಥಿಗಳು ಬರಬಹುದು, ಆಗ ಆ ಅಡುಗೆ ಹಬ್ಬದ ದಿನಕ್ಕೇ ಬಳಕೆಯಾಗುತ್ತದೆ. ಆ ಸಾಧ್ಯತೆ ಇರುವುದರಿಂದ ಅದನ್ನು ನಾಳೆಯ ಅಡುಗೆ ಎಂದು ಪೂರ್ತಿಯಾಗಿ ಹೇಳಲಾಗದು. ಹಾಗಾಗಿಯೇ ಶುಕ್ರವಾರದ ಅಡುಗೆ ಹೊತ್ತಿರುವಾಗಲೇ, ಅತಿಥಿ ಬಂದರೆ ಕುಳಿತು ಉಣ್ಣುವಷ್ಟು ಸಮಯವಿರುವಾಗಲೇ ಬೆಂದಿರಬೇಕು ಎನ್ನುತ್ತಾರೆ.

ಎರಡನೆಯದು ನನಗೆ ಹೆಚ್ಚು ಮುಖ್ಯವೆನಿಸಿತು. ಕಳ್ಳ ಉಪಾಯದ ಬಗ್ಗೆ ಈ ಶಾಸ್ತ್ರವೇ ಮಾತಾಡುತ್ತದೆ. ಒಬ್ಬ ಎರುವ್ ಇಡಲಿಲ್ಲ ಎನ್ನಿ. ಆದರೂ ಶುಕ್ರವಾರ ರಾಜಾರೋಷವಾಗಿ ಸಬ್ಬತ್ತಿಗೆ ಅಡುಗೆ ಮಾಡಿದ. ಅವನು ಮಾಡಿದ್ದು ತಪ್ಪು, ಆದರೆ ಆ ಊಟವನ್ನು ಉಣ್ಣಬಹುದು. ಇನ್ನೊಬ್ಬನೂ ಎರುವ್ ಇಡಲಿಲ್ಲ. ಅವನು ಅತಿಥಿಗಳು ಬರುತ್ತಾರೆಂದು ನಟಿಸಿ ಪಾತ್ರೆಗಟ್ಟಲೆ ಬೇಯಿಸಿ, ಉಳಿಯಿತು ಎಂದು ಸಬ್ಬತ್ತಿಗೆ ಎತ್ತಿಟ್ಟುಕೊಂಡ. ಅವನು ಅದನ್ನು ಉಣ್ಣುವಂತಿಲ್ಲ! ತಿಳಿದೂ ತಿಳಿದೂ ಮುರಿದವನಿಗಿಂತ ನಾಟಕ ಆಡಿದವನ ಮೇಲೆ ಬಿಗಿ ಹೆಚ್ಚು.

ಏಕೆ? ಇದಕ್ಕೆ ಕಾರಣ ಕೊಟ್ಟವರು ಮೂಸಾ ಇಬ್ನ್ ಮೈಮೂನ್. ಯೂರೋಪಿನವರು ಮೈಮೊನಿಡಿಸ್ ಎನ್ನುವ ಇವರು ಕೊರ್ದೊಬಾದಲ್ಲಿ ಹುಟ್ಟಿ, ಈಜಿಪ್ಟಿನಲ್ಲಿ ನೆಲೆಸಿ, ಸುಲ್ತಾನ್ ಸಲಾಹುದ್ದೀನ್ ಆಸ್ಥಾನದ ವೈದ್ಯರಾಗಿದ್ದು 1204ರಲ್ಲಿ ತೀರಿಕೊಂಡ ಮಹಾಪಂಡಿತ. ಬಹಿರಂಗವಾಗಿ ನಿಯಮ ಮುರಿಯುವವರು ವಿರಳ, ಇಂದು ಮುರಿದವನು ಮತ್ತೆ ಮುರಿಯಲಿಕ್ಕಿಲ್ಲ. ಆದರೆ ಕಳ್ಳ ಉಪಾಯಕ್ಕೆ ಒಪ್ಪಿಗೆ ಕೊಟ್ಟರೆ ಎಲ್ಲರೂ ಅದನ್ನೇ ಮಾಡುತ್ತಾರೆ, ಎರುವ್ ಎಂಬುದೇ ಜನರ ನೆನಪಿನಿಂದ ಅಳಿದುಹೋಗುತ್ತದೆ ಎಂದು ಅವರು ವಿವರಿಸುತ್ತಾರೆ. ನಮ್ಮ ಕಾಲೇಜಿನ ಮಾತಲ್ಲಿ ಹೇಳುವುದಾದರೆ, ತರಗತಿಗೆ ಚಕ್ಕರ್ ಹೊಡೆದವನ ಹೆಸರಿನ ಮುಂದೆ ಗೈರು ಎಂದಾದರೂ ಇರುತ್ತದೆ. ಗೆಳೆಯನಿಂದ ಪ್ರಾಕ್ಸಿ ಹಾಕಿಸಿದವನು ಹಾಜರಿ ಪುಸ್ತಕವನ್ನೇ ಸುಳ್ಳು ಮಾಡುತ್ತಾನೆ.

ಎರುವ್‌ಗೂ ಕಳ್ಳ ಉಪಾಯಕ್ಕೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ. ಒಂದು ನಿಯಮವನ್ನು ಮನೆಯವರೆಲ್ಲರ ಕಣ್ಣಮುಂದೆ, ಮೊದಲೇ, ಮಾತಾಡಿ ನೆನಪಿಸುತ್ತದೆ. ಇನ್ನೊಂದು ನಿಯಮ ಮರೆತುಹೋಗಲಿ ಎಂದು ಕಾಯುತ್ತದೆ.

ಮರೆತವರ ಗತಿ

ಯಾರಾದರೂ ನಿಜವಾಗಿಯೂ ಮರೆತರೆ? ಅದಕ್ಕೂ ದಾರಿಗಳಿವೆ. ಎರುವ್ ಇಟ್ಟ ನೆರೆಯವರಿಗೆ ತನ್ನ ಹಿಟ್ಟು, ಸಾಮಾನುಗಳನ್ನು ಕೊಟ್ಟುಬಿಡಬಹುದು. ಅವು ಅವರದಾದ ಮೇಲೆ ಅವರು ಬೇಯಿಸಿ ಇವನಿಗೆ ಉಣಿಸುತ್ತಾರೆ. ಇನ್ನೊಂದು, ಊರಿನ ಹಿರಿಯರು ಎಲ್ಲರ ಪರವಾಗಿ ಇಡುವ ಎರುವ್. ಇನ್ನೊಬ್ಬರ ಕೈಯಲ್ಲಿ ಅದನ್ನು ಎತ್ತಿಸಿ, ಊರಿನವರೆಲ್ಲರಿಗೂ ಇದರಲ್ಲಿ ಪಾಲಿದೆ ಎಂದು ಮಾಡುತ್ತಾರೆ. ಯೂಫ್ರೆಟಿಸ್ ನದಿಯ ಬಳಿಯ ನೆಹಾರ್ದೆಯಾ ಊರಿನಲ್ಲಿ ಶ್ಮುವೇಲ್ ಎಂಬ ವಿದ್ವಾಂಸರ ತಂದೆ ಇಡೀ ಊರಿಗಾಗಿ ಹೀಗೆ ಇಡುತ್ತಿದ್ದರು.

ಆ ಶ್ಮುವೇಲ್ ಅವರ ಬಳಿ ಪಾಠ ಒಪ್ಪಿಸುತ್ತಿದ್ದ ಒಬ್ಬ ಕುರುಡನ ಪ್ರಸಂಗ ತಾಲ್ಮುಡ್‌ನಲ್ಲಿದೆ. ಒಂದು ಹಬ್ಬದಂದು ಅವನ ಮುಖ ಬಾಡಿತ್ತು. ಕೇಳಿದರೆ, ಎರುವ್ ಇಡಲಿಲ್ಲ ಎಂದ. ಚಿಂತೆ ಬೇಡ, ನನ್ನದನ್ನು ಆಧರಿಸು ಎಂದರು ಶ್ಮುವೇಲ್. ಮರುವರ್ಷವೂ ಅವನ ಮುಖ ಬಾಡಿತ್ತು, ಕಾರಣವೂ ಅದೇ. ಈ ಸಲ ಉತ್ತರ ಬೇರೆ. ಊರಿನವರೆಲ್ಲರಿಗೂ ನನ್ನ ಎರುವ್ ಸಾಕು, ನಿನಗೆ ಮಾತ್ರ ಇಲ್ಲ, ಏಕೆಂದರೆ ನಿನ್ನದು ಮರೆವಲ್ಲ, ಉದಾಸೀನ ಎಂದರು.

ಓದುವಾಗ ಸ್ವಲ್ಪ ಕಟುವಾಗಿ ಕಂಡಿತು. ಯೋಚಿಸಿದರೆ, ಆ ಹಿರಿಯರ ಎರುವ್ ಇದ್ದದ್ದು ಜಾರಿದವರನ್ನು ಹಿಡಿದುಕೊಳ್ಳಲು. ಅದಿದೆಯಲ್ಲ ಎಂದು ಕೈಕಟ್ಟಿ ಕುಳಿತುಕೊಳ್ಳಲು ಅಲ್ಲ. ಮೊದಲ ಸಲ ಕರುಣೆ, ಎರಡನೆಯ ಸಲ ಎಚ್ಚರಿಕೆ. ನಮ್ಮ ಉಪನ್ಯಾಸಕರಲ್ಲೂ ಇದನ್ನು ಕಂಡಿದ್ದೇವೆ.

ಮಂಗಳೂರಿಗೂ ಬಂದವರು

ಇದೆಲ್ಲ ಎಲ್ಲಿಯದೋ ದೂರದ ವಿಷಯವೆಂದು ಅನ್ನಿಸಬಾರದು. ಟ್ಯುನೀಷಿಯದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಸುಮಾರು 1132ರಿಂದ 1149ರವರೆಗೆ ಈ ಕರಾವಳಿಯಲ್ಲಿ, ಮುಖ್ಯವಾಗಿ ಮಂಗಳೂರಿನಲ್ಲಿ, ಬಾಳಿದ್ದ. ಏಡನ್‌ನಿಂದ ಅವನಿಗೆ ಅರಬಿ ಮಾತಿನಲ್ಲಿ, ಹೀಬ್ರೂ ಲಿಪಿಯಲ್ಲಿ ಬರೆದ ಪತ್ರಗಳು ಬರುತ್ತಿದ್ದವು. ಕೈರೋದ ಹಳೆಯ ಸಿನಗಾಗಿನ ಕೋಣೆಯೊಂದರಲ್ಲಿ ಉಳಿದಿದ್ದ ಆ ಪತ್ರಗಳ ಆಧಾರದ ಮೇಲೆಯೇ ಅಮಿತಾವ್ ಘೋಷ್ ‘ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್’ ಬರೆದದ್ದು. ಅವನ ಮನೆಯ ಅಡುಗೆಯ ವಿವರ ಇಲ್ಲಿ ನಮಗೆ ಬೇಕಿಲ್ಲ. ಆದರೆ ಶಾಸ್ತ್ರದ ಪ್ರಕಾರ ಮಂಗಳೂರಿನಲ್ಲಿದ್ದ ಯಹೂದಿಗೂ ಹಬ್ಬ ಎರಡು ದಿನವೇ, ಗುರುವಾರ ಮತ್ತು ಶುಕ್ರವಾರ ಹಬ್ಬ ಬಂದರೆ ಬುಧವಾರ ಎರುವ್ ಇಡಬೇಕಾದದ್ದೇ. ಮೂಸಾ ಇಬ್ನ್ ಮೈಮೂನ್ ಅವರ ತಮ್ಮ ದಾವೂದ್ ಕೂಡ ಇದೇ ವ್ಯಾಪಾರದ ದಾರಿಯಲ್ಲಿ ಹಿಂದೂ ಮಹಾಸಾಗರದಲ್ಲಿ ಹಡಗು ಮುಳುಗಿ ತೀರಿಕೊಂಡವರು.

ಆ ಅಣ್ಣ ಬರೆದ ಗ್ರಂಥದ ಇನ್ನೊಂದು ಮಾತನ್ನು ಹೇಳಿ ಮುಗಿಸುತ್ತೇನೆ. ಎರುವ್ ತವ್ಶಿಲಿನ್‌ನ ನಿಯಮಗಳನ್ನು ಅವರು ವಿವರಿಸುವ ಅಧ್ಯಾಯದ ಕೊನೆಯ ಭಾಗದಲ್ಲಿ ವಿಷಯ ಹಬ್ಬದ ಸಂತೋಷದ ಕಡೆ ತಿರುಗುತ್ತದೆ. ಹಬ್ಬದಲ್ಲಿ ತಾನು ಉಣ್ಣುವವನು ಪರಸ್ಥಳದವರಿಗೆ, ಅನಾಥರಿಗೆ, ವಿಧವೆಯರಿಗೆ, ಬಡವರಿಗೆ ಉಣಿಸಲೇಬೇಕು. ಬಾಗಿಲು ಹಾಕಿಕೊಂಡು ಹೆಂಡತಿ ಮಕ್ಕಳ ಜೊತೆ ಮಾತ್ರ ಉಂಡವನ ಸಂತೋಷ ಹೊಟ್ಟೆಯ ಸಂತೋಷವೇ ಹೊರತು ಧರ್ಮದ್ದಲ್ಲ ಎನ್ನುತ್ತಾರೆ. ಅತಿಥಿ ಬರಬಹುದು ಎಂಬ ನೆವದ ಮೇಲೆ ಶುಕ್ರವಾರದ ಒಲೆ ಉರಿಯುತ್ತದೆ ಎಂದು ರಬ್ಬಾ ಹೇಳಿದ್ದರು. ಆ ಅತಿಥಿಗೆ ಬಾಗಿಲು ತೆರೆದಿರಬೇಕು ಎಂಬುದನ್ನೂ ಅದೇ ಶಾಸ್ತ್ರ ಹೇಳುತ್ತದೆ. ಈದ್ ನಮಾಝ್‌ಗೆ ಮೊದಲೇ ಫಿತ್ರ್ ಝಕಾತ್ ಕೊಟ್ಟು ಮುಗಿಸಬೇಕೆಂದು ನಮ್ಮ ಮನೆಗಳಲ್ಲಿ ಹಿರಿಯರು ಅವಸರ ಮಾಡುವುದು ಯಾಕೆಂದು ಗೊತ್ತಿರುವ ನಮಗೆ ಆ ಮಾತು ಹೊಸದಲ್ಲ.